ಉಳಿಸಿದ ಡೀಸೆಲ್ ಯಾರದು?

ಗಾಡಿ ನಿಲ್ಲಿಸಿದ ಮೇಲೆ ಅವರು ಒಂದು ಸುತ್ತು ಬಂದು ನಾಲ್ಕೂ ಚಕ್ರಗಳನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದರು, ಮಗುವಿಗೆ ಜ್ವರವಿದೆಯೇ ಎಂದು ತಾಯಿ ಹಣೆ ಮುಟ್ಟುವ ಹಾಗೆ. ಒಂದು ಚಕ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದರ ಬ್ರೇಕು ಪೂರ್ತಿ ಬಿಡುತ್ತಿಲ್ಲ, ಹಿಡಿದುಕೊಂಡೇ ಓಡುತ್ತಿದೆ ಎಂದರ್ಥ. "ಇಂಜಿನ್ನು ಎಳೀತದೆ, ಬ್ರೇಕು ಹಿಡ್ಕತದೆ. ಇಬ್ರ ಜಗಳದಲ್ಲಿ ಡೀಸೆಲ್ ಸಾಯ್ತದೆ ಕಣ್ ಮರಿ," ಎನ್ನುತ್ತಿದ್ದರು. ಆ ಮನುಷ್ಯ ಮೊನ್ನೆ ಪಲ್ಲಾವರಂನಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನನ್ನ ಬಾಯಲ್ಲಿ ಆ ಹೆಸರು ಬರುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಅಂಬತ್ತೂರಿನ ಒಂದು ಕಾರ್ಖಾನೆಯ ಆಡಳಿತ ವಿಭಾಗಕ್ಕೆ ನಾನು ಹೊಸದಾಗಿ ಸೇರಿದ್ದೆ. ಸಿಬ್ಬಂದಿಯನ್ನು ಮನೆಯಿಂದ ಕರೆತಂದು ಬಿಡುವ ಗಾಡಿಗಳ ಉಸ್ತುವಾರಿ ನನ್ನದು. ಗಾಡಿಗಳು ಕಂಪನಿಯವಲ್ಲ. ಸ್ವಂತ ಗಾಡಿ ಇಟ್ಟುಕೊಂಡ ಏಳೆಂಟು ಚಾಲಕರು ಗುತ್ತಿಗೆಯ ಮೇಲೆ ಓಡಿಸುತ್ತಿದ್ದರು. ಅವರಲ್ಲಿ ಇವರೇ ಹಿರಿಯರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ಮೇಲೆ ಸದಾ ಯಾರನ್ನೋ ಬೈಯಲು ಹೊರಟಂಥ ಗಂಟು. ಸೇರಿದ ವಾರವೇ ನಾನು ಗಾಡಿಯಲ್ಲಿ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿಕೊಂಡು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಯಾವೂರ್ ಮರಿ ನಿಂದು?" ಎಂದರು. ಮಂಡ್ಯದ ಕಡೆ ಎಂದೆ. ಅವರದು ನಂಜನಗೂಡಿನ ಕಡೆ. ಅಪ್ಪ ಬಾಳೆಹಣ್ಣಿನ ವ್ಯಾಪಾರಕ್ಕೆ ಮದ್ರಾಸಿಗೆ ಬಂದವರು, ವ್ಯಾಪಾರ ಮುಳುಗಿತು, ಊರು ದೂರವಾಯಿತು, ಕನ್ನಡ ಮಾತ್ರ ಮನೆಯೊಳಗೆ ಉಳಿದುಕೊಂಡಿತು. ಅದರೊಳಗೂ ತಮಿಳು ಧಾರಾಳವಾಗಿ ಸೇರಿತ್ತು. ಗಾಡಿಗೆ ವಂಡಿ, ಗಾಳಿಗೆ ಕಾತು.

ಅವತ್ತಿನಿಂದ ಒಂದು ಏರ್ಪಾಡಾಯಿತು. ನಾಲ್ಕು ಜನರ ಮುಂದೆ ನಾನು "ಸಾರ್", ತಮಿಳು. ಗಾಡಿಯಲ್ಲಿ ಇಬ್ಬರೇ ಉಳಿದಾಗ ನಾನು "ಮರಿ", ಅವರು "ಅಣ್ಣ", ಕನ್ನಡ. ನಾನೂ ಪಲ್ಲಾವರಂನಲ್ಲೇ ಮನೆ ಮಾಡಿದ್ದರಿಂದ ಬೆಳಿಗ್ಗೆ ಮೊದಲು ಹತ್ತುವವನು, ಸಂಜೆ ಕೊನೆಗೆ ಇಳಿಯುವವನು ನಾನೇ. ದಿನಕ್ಕೆ ಅರ್ಧ ಗಂಟೆ ನಮ್ಮ ಭಾಷೆ. ಚೆನ್ನೈಗೆ ಹೊಸಬನಾದವನಿಗೆ ಆ ಅರ್ಧ ಗಂಟೆ ಎಷ್ಟು ದೊಡ್ಡದು ಎಂದು ಊರಲ್ಲೇ ಇರುವವರಿಗೆ ಹೇಳಿ ಪ್ರಯೋಜನವಿಲ್ಲ.

ಕಂಪನಿಯ ನಿಯಮದಂತೆ ಚಾಲಕರೆಲ್ಲ ಕರಿ ಬೂಟು ಹಾಕಬೇಕಿತ್ತು. ಇವರೂ ಹಾಕಿಕೊಂಡು ಬರುತ್ತಿದ್ದರು, ಸೀಟಿನಲ್ಲಿ ಕೂತ ತಕ್ಷಣ ಬಿಚ್ಚಿ ಹಿಂದಕ್ಕೆ ತಳ್ಳುತ್ತಿದ್ದರು. ಪೆಡಲ್ ಮೇಲೆ ಬರಿಗಾಲು. "ಬೂಟಾಕಂಡ್ರೆ ಕಾಲು ಕಿವುಡಾಯ್ತದೆ. ಇಂಜಿನ್ನು ಏನ್ ಕೇಳ್ತಾ ಅದೆ ಅಂತ ಪಾದುಕ್ಕೆ ತಿಳೀಬೇಕು," ಎನ್ನುವರು. ದೂರದಲ್ಲಿ ಸಿಗ್ನಲ್ ಕೆಂಪಾಗಿದ್ದು ಕಂಡರೆ ಸಾಕು, ಕಾಲು ತೆಗೆದು ಗಾಡಿಯನ್ನು ಅದರ ಪಾಡಿಗೆ ತೇಲಲು ಬಿಡುತ್ತಿದ್ದರು. ಪಕ್ಕದವರು ಹಾರ್ನ್ ಬಾರಿಸುತ್ತಾ ಮುಂದೆ ನುಗ್ಗಿ, ಅದೇ ಸಿಗ್ನಲ್ಲಿನಲ್ಲಿ ಕಿರ್ರೆಂದು ನಿಲ್ಲುವರು. ಇವರು ನಿಧಾನವಾಗಿ ಹೋಗಿ ಅವರ ಪಕ್ಕದಲ್ಲೇ ನಿಲ್ಲಿಸಿ, ಇಂಜಿನ್ ಆರಿಸಿ, ಗಾಜು ಇಳಿಸಿ ತಮಿಳಿನಲ್ಲಿ ಕೇಳುವರು: "ಏನಪ್ಪಾ, ಬೇಗ ಬಂದು ಕಾಯ್ತಾ ಇದೀಯಾ?" ಎರಡು ಸಲ ಹೊಡೆತ ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತ್ತು. ಬುದ್ಧಿ ಬರಲಿಲ್ಲ.

ಸಂಜೆ ಗಾಡಿಯನ್ನು ರಸ್ತೆಯ ಕಡೆ ಮುಖ ಮಾಡಿಯೇ ನಿಲ್ಲಿಸುವರು. ಬೆಳಿಗ್ಗೆ ತಣ್ಣಗಿರುವ ಇಂಜಿನ್ನನ್ನು ಹಿಂದೆ ಮುಂದೆ ಆಡಿಸಿದರೆ ಡೀಸೆಲ್ ದಂಡ. ಟೈರಿನ ಗಾಳಿ ನೋಡುವುದು ಗಾಡಿ ಹೊರಡುವ ಮುಂಚೆ, ಟೈರು ಬಿಸಿಯಾದ ಮೇಲಲ್ಲ. ಏರ್ ಫಿಲ್ಟರನ್ನು ಭಾನುವಾರ ಬಿಚ್ಚಿ ಮೆಟ್ಟಿಲಿಗೆ ತಟ್ಟುವರು. ನಾನು ಒಂದು ಹಳೇ ಕಾರು ಕೊಂಡು ತೋರಿಸಿದಾಗ ಮೊದಲು ನೋಡಿದ್ದು ಇಂಜಿನ್ನನ್ನಲ್ಲ, ಡಿಕ್ಕಿಯನ್ನು. ಅದರೊಳಗೆ ಹಿಂದಿನ ಮಾಲೀಕ ಬಿಟ್ಟುಹೋದ ಅರ್ಧ ಮೂಟೆ ಸಿಮೆಂಟು, ಒಂದು ಕಬ್ಬಿಣದ ಸ್ಟೂಲು, ನನ್ನ ಎರಡು ಪೆಟ್ಟಿಗೆ ಹಳೇ ಪುಸ್ತಕ. "ಇವ್ರೆಲ್ಲ ಟಿಕೆಟ್ ತಗಂಡವ್ರಾ?" ಎಂದರು.

ಪಲ್ಲಾವರಂನ ಶುಕ್ರವಾರದ ಸಂತೆಗೆ ಒಮ್ಮೆ ಅವರ ಜೊತೆ ಹೋಗಿದ್ದೆ. ಹಳೇ ಸಾಮಾನಿನ ರಾಶಿಯಲ್ಲಿ ಗಾಳಿ ಅಳೆಯುವ ಮೀಟರು ಹುಡುಕುತ್ತಿದ್ದರು. ಮೂರು ಆರಿಸಿದರು. ಯಾವುದು ಸರಿ ಎಂದು ತಿಳಿಯಲು ಪಕ್ಕದಲ್ಲಿ ನಿಂತಿದ್ದ ಯಾರದೋ ಕಾರಿನ ಟೈರಿಗೆ ಮೂರನ್ನೂ ಒಂದಾದ ಮೇಲೊಂದು ಚುಚ್ಚಿ ನೋಡಿದರು. ಕಾರಿನವನು ಓಡಿ ಬಂದು ಕೂಗಾಡಿದ. ಇವರು ಎದ್ದು ನಿಂತು, ತಪ್ಪಾಯಿತು ಎನ್ನುವುದು ಬಿಟ್ಟು, ಅವನಿಗೇ ದಬಾಯಿಸಿದರು. ಇಷ್ಟು ಕಮ್ಮಿ ಗಾಳಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದೀಯಲ್ಲ, ನಿನಗೆ ನಾಚಿಕೆ ಇಲ್ಲವೇ, ಎಂದು. ಅವನು ಕೊನೆಗೆ ಅವರನ್ನೇ ಕೇಳಿದ, ಗಾಳಿ ಎಲ್ಲಿ ಹಾಕಿಸಲಿ ಎಂದು.

ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿ ಅವರ ಪಾಠಶಾಲೆ. ಉಳಿದ ಚಾಲಕರೆಲ್ಲ ಅವರನ್ನು "ವಾತ್ತಿಯಾರ್" ಎನ್ನುತ್ತಿದ್ದರು, ಎಂದರೆ ಮೇಷ್ಟ್ರು. ಅವರಲ್ಲಿ ಸೆಲ್ವಂ ಎಂಬ ಯುವಕನ ಕಾಲು ತೀರಾ ಭಾರ. ಸಾಲದ ಗಾಡಿ, ಎರಡು ಸಣ್ಣ ಮಕ್ಕಳು, ಮೈತುಂಬ ಅವಸರ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ತಿದ್ದಿದರು. ಕ್ಲಚ್ ಮೇಲೆ ಸುಮ್ಮನೆ ಕಾಲಿಟ್ಟರೆ ತೊಡೆಗೆ ಛಟೀರನೆ ಬಾರಿಸುವರು. ಸೆಲ್ವಂ ನಗುತ್ತಾ ತೊಡೆ ಉಜ್ಜಿಕೊಳ್ಳುವನು.

ಈ ಪಾಠದ ಹಿಂದಿನ ಗುಟ್ಟನ್ನು ಅವರೇ ನನಗೆ ಹೇಳಿದರು. ಕಂಪನಿ ಚಾಲಕರಿಗೆ ಕೊಡುತ್ತಿದ್ದುದು ಕಿಲೋಮೀಟರ್ ಲೆಕ್ಕದಲ್ಲಿ. ಗಾಡಿ ಲೀಟರಿಗೆ ಹತ್ತು ಕಿಲೋಮೀಟರ್ ಓಡುತ್ತದೆ ಎಂದು ಯಾವ ಕಾಲದಲ್ಲೋ ಹಿಡಿದು ದರ ಕಟ್ಟಿದ್ದರು. ಹತ್ತಕ್ಕಿಂತ ಹೆಚ್ಚು ಓಡಿಸಿದರೆ ಮಿಕ್ಕಿದ್ದು ಚಾಲಕನದು. ವಾತ್ತಿಯಾರ್ ಕಲಿಸಿದ ಮೇಲೆ ಎಲ್ಲರೂ ಹನ್ನೆರಡು ಹದಿಮೂರು ಓಡಿಸುತ್ತಿದ್ದರು, ಇವರು ಹದಿನಾಲ್ಕು. ಆ ಮಿಗುವಿಕೆಯಲ್ಲಿ ಸೆಲ್ವಂನ ಮಕ್ಕಳ ಶಾಲೆ ನಡೆಯುತ್ತಿತ್ತು. ಕಂಪನಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. "ಆಫೀಸ್ನೋರ್ಗೆ ತಿಳುದ್ರೆ ಕಿತ್ಕತಾರೆ. ನೀನು ನಮ್ಮೋನು ಅಂತ ಹೇಳ್ತಾ ಇವ್ನಿ, ಮನ್ಸಲ್ಲಿ ಮಡಿಕ," ಎಂದರು.

ಮನಸ್ಸಲ್ಲಿ ಮಡಗಿದೆನೇ? ಎಲ್ಲಿಯ ಮಾತು!

ನಮ್ಮ ಕಾರ್ಖಾನೆಯಲ್ಲಿ ಸಲಹಾ ಸ್ಪರ್ಧೆ ಎಂಬುದೊಂದಿತ್ತು. ನೌಕರರು ಸುಧಾರಣೆಯ ಸಲಹೆ ಬರೆದು ಕೊಡಬೇಕು, ಒಳ್ಳೆಯದಕ್ಕೆ ಆಯುಧಪೂಜೆಯ ದಿನ ಬಹುಮಾನ. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಒಂದು ಸಲಹೆಯನ್ನಾದರೂ ಕೊಡದವನನ್ನು ಕಾಯಂ ಮಾಡುವುದು ಕಷ್ಟ ಎಂದು ಮ್ಯಾನೇಜರ್ ಎರಡು ಬಾರಿ ಹೇಳಿದ್ದ. ನಾನು ಅಣ್ಣನ ಪಾಠವನ್ನೆಲ್ಲ ಅಚ್ಚುಕಟ್ಟಾಗಿ ಬರೆದೆ. ಗಾಳಿ, ಫಿಲ್ಟರು, ಬಿಸಿ ಚಕ್ರ, ಸಿಗ್ನಲ್ಲಿಗೆ ತೇಲುವುದು, ಎಲ್ಲಾ. ಮೂಲ ಯಾರದು ಎಂಬ ಜಾಗದಲ್ಲಿ ಅವರ ಹೆಸರನ್ನೇ ಹಾಕಿದೆ. ನಮ್ಮವರೊಬ್ಬರಿಗೆ ಮರ್ಯಾದೆ ಸಿಗಲಿ ಎಂದು. ಅದು ಪೂರ್ತಿ ಸುಳ್ಳಲ್ಲ. ಆದರೆ ಫಾರಂನ ಕೊನೆಯಲ್ಲಿ "ಕಂಪನಿಗೆ ಆಗುವ ಉಳಿತಾಯ" ಎಂಬ ಖಾನೆಯಿತ್ತು. ಅದು ಖಾಲಿಯಿದ್ದರೆ ಸಲಹೆಗೆ ಅಂಕವೇ ಇಲ್ಲ. ಉಳಿದ ಡೀಸೆಲ್ಲೆಲ್ಲ ಚಾಲಕರ ಜೇಬಿಗೆ ಹೋಗುತ್ತಿತ್ತು, ಕಂಪನಿಗೆ ಬರೆಯಲು ಏನೂ ಇರಲಿಲ್ಲ. ಪೆನ್ನು ಹಿಡಿದು ಹತ್ತು ನಿಮಿಷ ಕೂತಿದ್ದೆ. ಆಮೇಲೆ "ಕಿಲೋಮೀಟರ್ ದರವನ್ನು ಮರುಪರಿಶೀಲಿಸಬಹುದು" ಎಂದು ಬರೆದೆ. ಅರಿಯದೆ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಥೂ, ಎಂಥ ಅರಿಯದ ಮಾತು! ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ಅದೇ ಕೆಲಸ.

ಮ್ಯಾನೇಜರ್ ಆ ಒಂದು ಸಾಲನ್ನು ಮಾತ್ರ ಓದಿದ. ಅವನ ಗಾಡಿಗೆ ಕಂಪನಿಯದೇ ಇಂಧನ, ಮಿತಿಯಿಲ್ಲ. ಅವನು ಊಟ ಮುಗಿಸಿ ಬರುವವರೆಗೆ ಏಸಿ ಹಾಕಿಕೊಂಡು ಆ ಗಾಡಿ ಗೇಟಿನಲ್ಲಿ ಗುರುಗುಟ್ಟುತ್ತಾ ನಿಂತಿರುತ್ತಿತ್ತು. ಅದರ ಬಗ್ಗೆ ಸಲಹೆ ಕೊಡಲು ಯಾವ ಗಂಡಿಗೂ ಧೈರ್ಯವಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಪರೀಕ್ಷೆ ಮಾಡಿ ನೋಡೋಣ ಎಂದ. ಟ್ಯಾಂಕ್ ತುಂಬಿಸಿ, ಮುಚ್ಚಳಕ್ಕೆ ಸೀಲು ಹಾಕಿ, ಅಂಬತ್ತೂರಿನಿಂದ ಪಲ್ಲಾವರಂಗೆ ಎರಡು ಸಲ ಹೋಗಿ ಬಂದು, ಮತ್ತೆ ತುಂಬಿಸಿ ಅಳೆಯುವುದು. ಓಡಿಸುವುದು ವಾತ್ತಿಯಾರೇ. "ಇದು ಸುಳ್ಳು ಅಂತಾದರೆ ನಿನ್ನ ಕನ್ಫರ್ಮೇಶನ್ ವಿಷಯ ಯೋಚಿಸಬೇಕಾಗುತ್ತೆ," ಎಂದು ನನಗೆ ಹೇಳಿ ನಕ್ಕ.

ವಿಷಯ ಟೀ ಅಂಗಡಿಗೆ ತಲುಪಿತು. ಫಾರಂ ಬರೆದವನು ನಾನೆಂದು ಚಾಲಕರಿಗೆ ಗೊತ್ತಿತ್ತು. ನಾನು ಅಲ್ಲೇ ನಿಂತಿದ್ದರೂ ನನ್ನ ಕಡೆ ಯಾರೂ ನೋಡಲಿಲ್ಲ, ಇನ್ನೇನು ನೋಡುವುದಿದೆ. ಅವರ ಕೈಯಲ್ಲಿದ್ದುದು ಒಂದೇ ದಾರಿ. ಸೆಲ್ವಂ ವಾತ್ತಿಯಾರರ ಎರಡೂ ಕೈ ಹಿಡಿದುಕೊಂಡು ಹೇಳಿದ, "ಒರು ನಾಳ್ ಮಟ್ಟುಂ, ವಾತ್ತಿಯಾರೇ. ಒಂದೇ ಒಂದು ದಿನ ನಾನು ಮುಂಚೆ ಓಡಿಸ್ತಿದ್ದ ಹಾಗೆ ಓಡಿಸಿ ಸಾಕು." ಒಂದು ದಿನ ಕೆಟ್ಟದಾಗಿ ಓಡಿಸಿದರೆ ಅಳತೆ ಹತ್ತಕ್ಕೆ ಇಳಿಯುತ್ತದೆ, ದರ ಉಳಿಯುತ್ತದೆ, ಎಲ್ಲರ ಅನ್ನ ಉಳಿಯುತ್ತದೆ. ಅವರು ತಲೆಯಾಡಿಸಿ, "ಆಗಟ್ಟುಂ," ಎಂದರು, ಆಗಲಿ ಎಂದು.

ಪರೀಕ್ಷೆಯ ದಿನ ಅವರು ಬೂಟು ಬಿಚ್ಚಲಿಲ್ಲ. ನಾನು ಮುಂದಿನ ಸೀಟಿನಲ್ಲಿ, ಹಿಂದೆ ಸಾಕ್ಷಿಗೆಂದು ಸ್ಟೋರ್ಸಿನ ಗುಮಾಸ್ತ, ಕಿವಿಗೆ ವಯರು ಸಿಕ್ಕಿಸಿಕೊಂಡು ಕ್ರಿಕೆಟ್ ನೋಡುತ್ತಾ. ಗಾಡಿ ಅಂಬತ್ತೂರಿನ ಕೈಗಾರಿಕಾ ಎಸ್ಟೇಟು ದಾಟುವಷ್ಟರಲ್ಲೇ ನನ್ನ ತಲೆ ನಾಲ್ಕು ಸಲ ಮುಂದಕ್ಕೆ ವಾಲಿತ್ತು. ಕೆಂಪು ಸಿಗ್ನಲ್ಲಿಗೆ ನುಗ್ಗುವುದು, ಗಕ್ಕನೆ ಬ್ರೇಕು ಒತ್ತುವುದು, ಮೊದಲ ಗೇರಿನಲ್ಲೇ ಇಂಜಿನ್ನನ್ನು ಅರಚಿಸುವುದು. ಪ್ರತಿ ಸಲವೂ ಅವರ ದವಡೆ ಬಿಗಿಯುತ್ತಿತ್ತು. ತಾನೇ ಸಾಕಿದ ಎತ್ತಿಗೆ ಬಾರುಕೋಲಿನಿಂದ ಹೊಡೆಯುವವರ ಹಾಗೆ ಕಾಣುತ್ತಿದ್ದರು.

ಬೈಪಾಸಿನಲ್ಲಿ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೀಗೇ ಹೋದರೆ ಹತ್ತೂ ಬರುವುದಿಲ್ಲ. ಅಮ್ಮನನ್ನು ಊರಿನಿಂದ ಕರೆಸಿಕೊಂಡು ಎರಡು ತಿಂಗಳಾಗಿತ್ತು. ಕೆಲಸ ಹೋದರೆ ಅವಳಿಗೆ ಏನು ಹೇಳಲಿ?

"ಅಣ್ಣಾ, ಇದು ಸುಳ್ಳಾದ್ರೆ ನನ್ ಕೆಲ್ಸ ಹೋಗುತ್ತೆ," ಎಂದೆ ಕನ್ನಡದಲ್ಲಿ.

ಅವರು ರಸ್ತೆಯನ್ನೇ ನೋಡುತ್ತಿದ್ದರು. "ಅವ್ರಿಗೆ ಮಾತ್ ಕೊಟ್ಟಿವ್ನಿ ಮರಿ."

"ಅವ್ರು ನಿಮಗೇನಾಗ್ಬೇಕು? ನಾನ್ ನಿಮ್ಮೋನಲ್ವಾ ಅಣ್ಣಾ?"

ಆ ಮಾತನ್ನು ನಾನು ಆಡಿದೆ. ತಮಿಳಿನಲ್ಲಿ ಆಡಿದ್ದರೆ ಅದಕ್ಕೆ ಕವಡೆ ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಹಿಂದಿನಿಂದ ಗುಮಾಸ್ತ ಕಿವಿಯ ವಯರು ತೆಗೆದು, "ಎನ್ನ ಸಾರ್, ಏದಾವದು ಪ್ರಾಬ್ಲಮಾ?" ಎಂದು ಕೇಳಿದ. "ಒಣ್ಣುಮಿಲ್ಲೆ, ಊರಿನ ವಿಷಯ," ಎಂದೆ. ಅವನು ಮತ್ತೆ ಕ್ರಿಕೆಟ್ಟಿಗೆ ಹೋದ.

ಪೋರೂರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅವರು ಇಂಜಿನ್ ಆರಿಸಿದರು. ಬಗ್ಗಿ ಒಂದು ಬೂಟು ಬಿಚ್ಚಿದರು, ಇನ್ನೊಂದನ್ನೂ ಬಿಚ್ಚಿದರು, ಸೀಟಿನ ಹಿಂದಕ್ಕೆ ತಳ್ಳಿದರು. "ನೀನು ಇದ್ನ ಕೇಳ್‌ಬಾರ್ದಾಗಿತ್ತು," ಎಂದರು. ಬೈದಂತೆಯೂ ಇರಲಿಲ್ಲ, ಸಮಾಧಾನ ಹೇಳಿದಂತೆಯೂ ಇರಲಿಲ್ಲ. ಮುಂದಿನ ದಾರಿಯನ್ನೆಲ್ಲ ಅವರು ಓಡಿಸಿದ ರೀತಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬ್ರೇಕು ಒತ್ತಿದ್ದು ತಿಳಿಯುತ್ತಿರಲಿಲ್ಲ, ಗೇರು ಬದಲಾದದ್ದು ಗೊತ್ತಾಗುತ್ತಿರಲಿಲ್ಲ. ಮೊದಲು ಹಾಳು ಮಾಡಿದ್ದನ್ನೆಲ್ಲ ಎರಡು ಸುತ್ತು ಮುಗಿಯುವಷ್ಟರಲ್ಲಿ ಗಳಿಸಿಕೊಂಡರು. ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಲೀಟರಿಗೆ ಹದಿಮೂರು ಚಿಲ್ಲರೆ ಬಂತು. ಗುಮಾಸ್ತ ಅವರ ಬೆನ್ನು ತಟ್ಟಿದ. ಅವರು ಅವತ್ತು ಚಕ್ರ ಮುಟ್ಟಿ ನೋಡಲಿಲ್ಲ, ನೇರ ನಲ್ಲಿಯ ಕಡೆ ಹೋಗಿ ಮುಖ ತೊಳೆದುಕೊಂಡರು.

ಸೆಲ್ವಂ ಮತ್ತಿತರರು ಏಕೆ ಹೀಗೆ ಮಾಡಿದಿರಿ ಎಂದು ಮುತ್ತಿಕೊಂಡಾಗ ಅವರು ಹೇಳಿದ್ದು ಇಷ್ಟೇ: "ಕಾಲು ಕೇಳಲಿಲ್ಲ." ನನ್ನ ಹೆಸರೆತ್ತಲಿಲ್ಲ. ಎತ್ತಿದ್ದರೆ ಮುತ್ತಿಕೊಂಡವರೆಲ್ಲ ಸೇರಿ ನನ್ನನ್ನು ಅಲ್ಲೇ ಹಿಡಿದು ಬಡಿಯುತ್ತಿದ್ದರು, ನನಗೆ ಆಗಬೇಕಾದ್ದೂ ಅದೇ. ಚಾಲಕರು ಆ ಮಾತನ್ನು ನಂಬಿದರು. ಮುದುಕನಿಗೆ ಜಂಬ, ಒಂದು ದಿನ ಕೆಟ್ಟ ಡ್ರೈವರ್ ಎನಿಸಿಕೊಳ್ಳಲು ಆಗಲಿಲ್ಲ, ಅದಕ್ಕೆ ನಮ್ಮ ಹೊಟ್ಟೆಯ ಮೇಲೆ ಹೊಡೆದ ಎಂದರು.

ಮರುತಿಂಗಳು ದರ ಇಳಿಯಿತು. ಆಯುಧಪೂಜೆಯ ದಿನ ಹೂವು, ಚಂದನ ಹಚ್ಚಿದ ಗಾಡಿಗಳು ಸಾಲಾಗಿ ನಿಂತಿದ್ದವು. ಮೈಕಿನಲ್ಲಿ ಹೆಸರು ಕರೆದು ಅವರಿಗೆ ಶಾಲು ಹೊದಿಸಿದರು, ನನಗೆ ಮಿಕ್ಸಿ ಕೊಟ್ಟರು. ಚಪ್ಪಾಳೆ ತಟ್ಟಿದ್ದು ಆಫೀಸಿನವರು. ಚಾಲಕರು ಕೈ ಕಟ್ಟಿಕೊಂಡು ನಿಂತಿದ್ದರು. ಆ ಮಿಕ್ಸಿ ಇವತ್ತಿಗೂ ಕೆಟ್ಟಿಲ್ಲ, ಹಾಳಾದ್ದು, ದಿನಾ ಚಟ್ನಿ ರುಬ್ಬುತ್ತಿದೆ.

ಅದಾಗಿ ವಾರಕ್ಕೆ ಬೆಳಿಗ್ಗೆ ಅವರ ಗಾಡಿಯ ನಾಲ್ಕೂ ಟೈರುಗಳ ಗಾಳಿಯನ್ನು ಯಾರೋ ಬಿಟ್ಟಿದ್ದರು. ನಾನು ಹೋದಾಗ ಕಾಲಿನಿಂದ ಒತ್ತುವ ಪಂಪು ಹಿಡಿದು ಮೂರನೆಯ ಟೈರಿಗೆ ಗಾಳಿ ತುಂಬುತ್ತಿದ್ದರು. ಬಿಳಿ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಬಿಡಿ ಅಣ್ಣಾ, ನಾನ್ ಒತ್ತುತೀನಿ," ಎಂದೆ. "ಪರವಾಯಿಲ್ಲೆ ಸಾರ್, ಉಕ್ಕಾರುಂಗೋ," ಎಂದರು, ಕೂತುಕೊಳ್ಳಿ ಎಂದು. ಇಬ್ಬರೇ ಇದ್ದೆವು. ಸುತ್ತ ಒಂದು ನಾಯಿಯೂ ಇರಲಿಲ್ಲ. ಆಗ ನನಗೆ ಖಚಿತವಾಯಿತು, ಪೋರೂರಿನ ಸಿಗ್ನಲ್ಲಿನ ನಂತರ ಅವರು ನನ್ನೊಡನೆ ಒಂದು ಕನ್ನಡ ಪದವನ್ನೂ ಆಡಿಲ್ಲವೆಂದು. ಆಮೇಲೆ ಮೂರು ವರ್ಷ ಅದೇ ಗಾಡಿಯಲ್ಲಿ ಓಡಾಡಿದೆ. ವಣಕ್ಕಂ ಸಾರ್, ಸರಿಂಗ ಸಾರ್, ಅಷ್ಟೇ. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ತಮಿಳಿನಲ್ಲೇ ಬರುತ್ತಿತ್ತು. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. ಮರ್ಯಾದೆ ಕೊಡುವವರ ಕಾಲನ್ನು ಹೇಗೆ ಹಿಡಿಯುವುದು?

ಸೆಲ್ವಂನ ಗಾಡಿಯನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದರು. ಈಗ ಅವನು ಬೆಸೆಂಟ್ ನಗರದ ಒಂದು ಶ್ರೀಮಂತರ ಮನೆಯಲ್ಲಿ ಡ್ರೈವರ್. ಮನೆಯವರು ಸಂಜೆ ಬೀಚಿನಲ್ಲಿ ನಡೆಯುವಾಗ ಕಾರಿನೊಳಗಿನ ನಾಯಿಗೆ ಸೆಖೆಯಾಗಬಾರದೆಂದು ಇಂಜಿನ್ ಓಡಿಸಿಕೊಂಡೇ ಕೂತಿರಬೇಕಂತೆ. ವಾತ್ತಿಯಾರರನ್ನೂ ಕಂಪನಿ ಆ ಮೂರು ವರ್ಷದ ಮೇಲೆ ಇಟ್ಟುಕೊಳ್ಳಲಿಲ್ಲ. ಗುತ್ತಿಗೆ ಒಂದು ಏಜೆನ್ಸಿಗೆ ಹೋಯಿತು, ಶಾಲು ಹೊದಿಸಿದವರೇ ಹಳೇ ಗಾಡಿ ಬೇಡ ಎಂದರು. ಆ ಹೊತ್ತಿಗೆ ನಾನು ಸಹಾಯಕ ಮ್ಯಾನೇಜರ್ ಆಗಿದ್ದೆ. ಪತ್ರಕ್ಕೆ ಸಹಿ ನನ್ನದೇ.

ಮೊನ್ನೆ ಸುದ್ದಿ ತಿಳಿದು ಅವರ ಮನೆಗೆ ಹೋದೆ. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಬೇಕಿತ್ತು. ಗುಂಡಿ ತೋಡುವವರಿಗೆ ಅದು ಹೊಸದು, ಅಳತೆ ತಪ್ಪಿಸುತ್ತಿದ್ದರು. ಸೆಲ್ವಂ ಪ್ಯಾಂಟು ಮಡಚಿಕೊಂಡು ತಾನೇ ಒಳಗಿಳಿದು ತೋಡಿ, ಅಣ್ಣನ ಮೈಯನ್ನು ತೋಳಿನಿಂದ ಆನಿಸಿಕೊಂಡು ಒಳಗೆ ಇಳಿಸಿದ. ಎಲ್ಲ ಮುಗಿಸಿ ಮನೆಗೆ ಬಂದು ಜಗಲಿಯ ಮೇಲೆ ಕೂತಾಗ ಅವನ ಕೈಯಲ್ಲಿ ಇನ್ನೂ ಮಣ್ಣಿತ್ತು.

"ನನಗೆ ಓಡಿಸೋದು ಕಲಿಸಿದ ಮನುಷ್ಯ ಸಾರ್," ಎಂದ ತಮಿಳಿನಲ್ಲಿ. "ಅಪ್ಪನಿಗಿಂತ ಹೆಚ್ಚು. ಆದ್ರೆ ಒಂದು ದಿನ, ನಮಗೋಸ್ಕರ ಒಂದೇ ಒಂದು ದಿನ ಸೋಲೋಕೆ ಆಗಲಿಲ್ಲ ಅವರಿಗೆ. ಅಷ್ಟು ಅಹಂಕಾರ ಯಾಕೆ ಸಾರ್? ಅದನ್ನ ಮಾತ್ರ ನನ್ನಿಂದ ಮರೆಯೋಕಾಗ್ತಿಲ್ಲ."

ಅವರ ಹೆಂಡತಿ ಬಾಗಿಲಿಗೆ ಒರಗಿ ಕೂತಿದ್ದರು. ಆ ಮಾತು ಕೇಳಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ನೀನ್ ಅವತ್ತು ವಂಡೀಲೇ ಇದ್ದಲ್ಲಪ್ಪ. ನನ್ ಕೂಡನೂ ಅವ್ರು ಕೊನೇಗಂಟ ಬಾಯ್ ಬುಡ್ನಿಲ್ಲ. ಇವ್ನು ಹೇಳಾದು ನಿಜವಾ? ಬರೀ ಜಂಬುಕ್ಕೆ ಇಷ್ಟು ಜನದ್ ಅನ್ನ ಕಳುದ್ರಾ ಅವ್ರು?"

ಮಾತು ಪೂರ್ತಿ ತಿಳಿಯದಿದ್ದರೂ ಏನು ಕೇಳುತ್ತಿದ್ದಾರೆಂದು ಸೆಲ್ವಂಗೆ ಗೊತ್ತಾಯಿತು. ಅವನೂ ನನ್ನ ಮುಖ ನೋಡಿದ. ಮಗಳು ಒಳಗಿನಿಂದ ಬಂದು ಅಮ್ಮನ ಹಿಂದೆ ನಿಂತಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನನ್ನು ಹೆದರಿಸಲು ಈಗ ಮ್ಯಾನೇಜರ್ ಇಲ್ಲ, ಪ್ರೊಬೇಷನ್ ಇಲ್ಲ, ಹೋಗುವ ಕೆಲಸವೂ ಇಲ್ಲ.

"ಹೌದಕ್ಕಾ," ಎಂದೆ. "ಅವ್ರಿಗೆ ಕೆಟ್ಟದಾಗಿ ಓಡ್ಸೋಕೆ ಬರ್ತಾನೇ ಇರ್ಲಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಹಂಗಾರೆ ಅವ್ರದೇ ತೆಪ್ಪು," ಎಂದು ಎದ್ದು ಒಳಗೆ ಹೋದರು.

ಅದಕ್ಕೇ ಇದನ್ನು ಬರೆದೆ. ಕನ್ನಡದಲ್ಲಿ ಬರೆದೆ. ಸೆಲ್ವಂಗೆ ಕನ್ನಡ ಬರುವುದಿಲ್ಲ. ಅಕ್ಕನಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಗಳು ಓದಿದ್ದೆಲ್ಲ ತಮಿಳಿನಲ್ಲಿ. ಆ ಮನೆಯಲ್ಲಿ ಕನ್ನಡ ಓದಬಲ್ಲವರು ಇದ್ದದ್ದು ಅಣ್ಣ ಒಬ್ಬರೇ, ಅದು ನನಗೆ ಚೆನ್ನಾಗಿ ಗೊತ್ತು.